ಸುದ್ದಿಯ ಖರ್ಚು ಹೊರುವವರು ಯಾರು?

ಸುದ್ದಿ ಸಂಸ್ಥೆಗಳ ಚರಿತ್ರೆ ಬರೆಯುವಾಗ ವರದಿಗಾರರು, ಸಂಪಾದಕರು, ತೆರೆಯ ಮೇಲೆ ದಿನವೂ ಕಾಣಿಸಿಕೊಳ್ಳುವ ನಿರೂಪಕರು ಸಹಜವಾಗಿಯೇ ಮುನ್ನೆಲೆಗೆ ಬರುತ್ತಾರೆ. ಆ ವರದಿಗಾರರನ್ನು ಯುದ್ಧಭೂಮಿಗೆ ಕಳುಹಿಸಲು ಹಣ ಎಲ್ಲಿಂದ ಬಂತು, ತಿಂಗಳುಗಟ್ಟಲೆ ನಡೆದ ತನಿಖೆಯೊಂದು ಕೊನೆಗೆ ಏನನ್ನೂ ಕೊಡದೆ ಹೋದಾಗ ಆ ನಷ್ಟವನ್ನು ಯಾರು ಭರಿಸಿದರು ಎಂಬ ಪ್ರಶ್ನೆಗಳು ಮಾತ್ರ ಹಿನ್ನೆಲೆಯಲ್ಲೇ ಉಳಿದುಬಿಡುತ್ತವೆ. ಇವುಗಳಿಗೆ ಉತ್ತರ ಹುಡುಕುವ ಹೊಣೆ ಹೊತ್ತವರನ್ನು ಸುದ್ದಿ ಉದ್ಯಮದಲ್ಲಿ ಕಾರ್ಯನಿರ್ವಾಹಕರು ಎನ್ನುತ್ತಾರೆ. ಬ್ರಿಟನ್ನಿನ ಮಾರ್ಕ್ ಥಾಂಪ್ಸನ್ ಈ ವರ್ಗಕ್ಕೆ ಸೇರಿದವರು. ಚಾನೆಲ್ 4, ಬಿಬಿಸಿ, ನ್ಯೂಯಾರ್ಕ್ ಟೈಮ್ಸ್, ಸಿಎನ್‌ಎನ್ ಎಂಬ ನಾಲ್ಕು ಸಂಸ್ಥೆಗಳ ಚುಕ್ಕಾಣಿಯನ್ನು ಒಂದಾದ ಮೇಲೊಂದರಂತೆ ಹಿಡಿದ ಇವರ ವೃತ್ತಿಜೀವನವನ್ನು ಪದವಿಗಳ ಪಟ್ಟಿಯಾಗಿ ಓದುವುದಕ್ಕಿಂತ, ಸುದ್ದಿಯ ಖರ್ಚನ್ನು ಸಮಾಜವೊಂದು ಎಷ್ಟು ಬಗೆಯಲ್ಲಿ ಹೊರಬಲ್ಲದು ಎಂಬುದರ ಚರಿತ್ರೆಯಾಗಿ ಓದುವುದು ಹೆಚ್ಚು ಫಲಕಾರಿ. ಏಕೆಂದರೆ ಈ ನಾಲ್ಕರಲ್ಲಿ ಒಂದು ಟಿವಿ ನೋಡುವ ಪ್ರತಿ ಮನೆಯೂ ಕಟ್ಟುವ ಶುಲ್ಕದಿಂದ ನಡೆಯುತ್ತದೆ, ಇನ್ನೊಂದು ಸರ್ಕಾರದ ಒಡೆತನದಲ್ಲಿದ್ದರೂ ಜಾಹೀರಾತನ್ನು ನಂಬಿದೆ, ಮೂರನೆಯದು ಓದುಗರ ಚಂದಾ ಹಣದ ಮೇಲೆ ನಿಂತಿದೆ, ನಾಲ್ಕನೆಯದು ಕೇಬಲ್ ಬಿಲ್ಲಿನೊಳಗೆ ಅಡಗಿದ ಪಾಲಿನಿಂದ ಬೆಳೆದು ಈಗ ಆ ಪಾಲನ್ನು ಕಳೆದುಕೊಳ್ಳುತ್ತಿದೆ.

ಥಾಂಪ್ಸನ್ 1957ರ ಜುಲೈ 31ರಂದು ಲಂಡನ್ನಿನಲ್ಲಿ ಹುಟ್ಟಿದರು. ಲ್ಯಾಂಕಾಶೈರ್ ಪ್ರಾಂತದ ಸ್ಟೋನಿಹರ್ಸ್ಟ್ ಎಂಬ ಜೆಸ್ಯೂಟ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಪದವಿ ಪಡೆದು, ಅಲ್ಲಿನ ವಿದ್ಯಾರ್ಥಿ ಪತ್ರಿಕೆ ಐಸಿಸ್‌ನ ಸಂಪಾದಕತ್ವವನ್ನೂ ವಹಿಸಿದ್ದ ಅವರು 1979ರಲ್ಲಿ ತರಬೇತಿ ನಿರ್ಮಾಪಕರಾಗಿ ಬಿಬಿಸಿ ಸೇರಿದರು. ಗ್ರಾಹಕರ ದೂರುಗಳನ್ನು ಬೆನ್ನುಹತ್ತುವ ವಾಚ್‌ಡಾಗ್, ಬ್ರಿಟನ್ನಿಗೆ ಬೆಳಗಿನ ಹೊತ್ತಿನ ದೂರದರ್ಶನವನ್ನು ಪರಿಚಯಿಸಿದ ಬ್ರೇಕ್‌ಫಾಸ್ಟ್ ಟೈಮ್ ಮೊದಲಾದ ಕಾರ್ಯಕ್ರಮಗಳ ಆರಂಭದಲ್ಲಿ ಅವರು ಕೆಲಸ ಮಾಡಿದರು. ಮುಂದೆ ನ್ಯೂಸ್‌ನೈಟ್ ಎಂಬ ಸುದ್ದಿ ಕಾರ್ಯಕ್ರಮದಲ್ಲಿ ದಿನದ ಪ್ರಸಾರದ ಹೊಣೆ ಹೊತ್ತು, 1988ರಲ್ಲಿ ರಾತ್ರಿ ಒಂಬತ್ತರ ಸುದ್ದಿಯ ಸಂಪಾದಕರಾದಾಗ ಅವರಿಗೆ ವಯಸ್ಸು ಕೇವಲ ಮೂವತ್ತರ ಆಸುಪಾಸು. ದಿನಕ್ಕೊಂದೇ ಬಾರಿ ಬರುವ ಅರ್ಧ ಗಂಟೆಯೊಳಗೆ ಇಡೀ ಜಗತ್ತನ್ನು ಹೊಂದಿಸಬೇಕಾದ ಆ ಕೆಲಸದಲ್ಲಿ ಯಾವುದನ್ನು ಸೇರಿಸಬೇಕು ಎನ್ನುವುದಕ್ಕಿಂತ ಯಾವುದನ್ನು ಬಿಡಬೇಕು ಎಂಬ ತೀರ್ಮಾನವೇ ಕಠಿಣವಾದುದು. ಬರ್ಲಿನ್ ಗೋಡೆ ಉರುಳಿದ 1989ರಂತಹ ವರ್ಷದಲ್ಲಿ ಆ ಕುರ್ಚಿಯಲ್ಲಿ ಕುಳಿತವರಿಗೆ ಅಂತಹ ತೀರ್ಮಾನಗಳ ಅಭ್ಯಾಸ ಬೇಗನೆ ಆಗಿರಬೇಕು.

1990ರಲ್ಲಿ ಪನೋರಮಾ ಎಂಬ ಹಳೆಯ, ಪ್ರತಿಷ್ಠಿತ ತನಿಖಾ ಕಾರ್ಯಕ್ರಮದ ಸಂಪಾದಕರಾದ ಮೇಲೆ ಅವರ ದಾರಿ ಕಾರ್ಯಕ್ರಮಗಳಿಂದ ವಿಭಾಗಗಳ ಕಡೆಗೆ, ವಿಭಾಗಗಳಿಂದ ವಾಹಿನಿಗಳ ಕಡೆಗೆ ತಿರುಗಿತು. 1996ರಲ್ಲಿ ಬಿಬಿಸಿ 2 ವಾಹಿನಿಯ ಮುಖ್ಯಸ್ಥರಾಗಿ, 2000ದಲ್ಲಿ ಇಡೀ ದೂರದರ್ಶನ ವಿಭಾಗದ ನಿರ್ದೇಶಕರಾಗಿ ಏರುತ್ತ ಹೋದ ಈ ವರ್ಷಗಳಲ್ಲಿ ಸುದ್ದಿಯನ್ನು ಆರಿಸುವ ಕೆಲಸ ಹಿಂದಾಗಿ, ಸುದ್ದಿಗೂ ನಾಟಕಕ್ಕೂ ಕ್ರೀಡೆಗೂ ಹಣ ಹಂಚುವ ಕೆಲಸ ಮುಂದಾಯಿತು.

2002ರಲ್ಲಿ ಅವರು ಬಿಬಿಸಿಯನ್ನು ಬಿಟ್ಟು ಚಾನೆಲ್ 4ರ ಮುಖ್ಯ ಕಾರ್ಯನಿರ್ವಾಹಕರಾದರು. 1982ರಲ್ಲಿ ಆರಂಭವಾದ ಈ ವಾಹಿನಿಯ ರಚನೆ ವಿಶಿಷ್ಟವಾದುದು. ಅದರ ಒಡೆತನ ಸರ್ಕಾರದ್ದಾದರೂ ತೆರಿಗೆಯ ಹಣ ಅದಕ್ಕೆ ಬರುವುದಿಲ್ಲ, ಜಾಹೀರಾತಿನಿಂದ ಗಳಿಸಿದ್ದನ್ನು ಕಾರ್ಯಕ್ರಮಗಳ ಮೇಲೆಯೇ ಖರ್ಚು ಮಾಡಬೇಕೇ ಹೊರತು ಲಾಭವಾಗಿ ಹಂಚಲು ಷೇರುದಾರರಿಲ್ಲ. ಥಾಂಪ್ಸನ್ ಬರುವ ಹೊತ್ತಿಗೆ ಜಾಹೀರಾತು ಮಾರುಕಟ್ಟೆ ಕುಸಿದು ಸಂಸ್ಥೆ ನಷ್ಟದಲ್ಲಿತ್ತು. ಸಿನಿಮಾ ನಿರ್ಮಾಣಕ್ಕಾಗಿ ಇದ್ದ ಫಿಲ್ಮ್‌ಫೋರ್ ಎಂಬ ಪ್ರತ್ಯೇಕ ಘಟಕವನ್ನು ಕುಗ್ಗಿಸಿ, ಹುದ್ದೆಗಳನ್ನು ಕಡಿತಗೊಳಿಸಿ ಅವರು ಲೆಕ್ಕವನ್ನು ಸರಿದೂಗಿಸಿದರು. ಇಲ್ಲಿ ಕಳೆದದ್ದು ಎರಡೇ ವರ್ಷವಾದರೂ, ಜಾಹೀರಾತೊಂದನ್ನೇ ನಂಬಿದ ಸಂಸ್ಥೆ ಆರ್ಥಿಕತೆಯ ಪ್ರತಿ ಏರಿಳಿತಕ್ಕೂ ಹೇಗೆ ತೂಗಾಡುತ್ತದೆ ಎಂಬುದನ್ನು ಅವರು ಹತ್ತಿರದಿಂದ ಕಂಡದ್ದು ಮುಂದೆ ನ್ಯೂಯಾರ್ಕಿನಲ್ಲಿ ಕೆಲಸಕ್ಕೆ ಬಂತು ಎಂದು ಊಹಿಸಲು ಅವಕಾಶವಿದೆ.

ಬಿಬಿಸಿಗೆ ಅವರು ಮರಳಿದ್ದು ಆ ಸಂಸ್ಥೆಯ ಅತ್ಯಂತ ಕಷ್ಟದ ಗಳಿಗೆಯೊಂದರಲ್ಲಿ. ಇರಾಕ್ ಯುದ್ಧಕ್ಕೆ ಸಮರ್ಥನೆಯಾಗಿ ಬ್ರಿಟಿಷ್ ಸರ್ಕಾರ ಪ್ರಕಟಿಸಿದ ದಾಖಲೆಯ ಕುರಿತು 2003ರ ಮೇ ತಿಂಗಳಲ್ಲಿ ಬಿಬಿಸಿ ರೇಡಿಯೊ ಮಾಡಿದ ವರದಿ ದೊಡ್ಡ ವಿವಾದವಾಯಿತು. ಆ ವರದಿಗೆ ಮೂಲವೆಂದು ಗುರುತಿಸಲ್ಪಟ್ಟ ವಿಜ್ಞಾನಿ ಡೇವಿಡ್ ಕೆಲ್ಲಿ ಜುಲೈನಲ್ಲಿ ಸಾವಿಗೀಡಾದರು. ನ್ಯಾಯಮೂರ್ತಿ ಹಟ್ಟನ್ ಅವರ ವಿಚಾರಣಾ ವರದಿ 2004ರ ಜನವರಿಯಲ್ಲಿ ಬಿಬಿಸಿಯನ್ನು ಕಟುವಾಗಿ ಟೀಕಿಸಿದಾಗ ಆಡಳಿತ ಮಂಡಳಿಯ ಅಧ್ಯಕ್ಷರೂ ಮಹಾನಿರ್ದೇಶಕ ಗ್ರೆಗ್ ಡೈಕ್ ಅವರೂ ಒಬ್ಬರ ಹಿಂದೊಬ್ಬರು ಹುದ್ದೆ ತೊರೆದರು. ಅದೇ ವರ್ಷದ ಜೂನ್‌ನಲ್ಲಿ ಥಾಂಪ್ಸನ್ ಮಹಾನಿರ್ದೇಶಕರಾದರು. ಬಿಬಿಸಿಯಲ್ಲಿ ಈ ಹುದ್ದೆ ಎರಡು ಮುಖದ್ದು. ಆಡಳಿತದ ಮುಖ್ಯಸ್ಥರೇ ಪ್ರಧಾನ ಸಂಪಾದಕರೂ ಆಗಿರುವುದರಿಂದ, ಲೆಕ್ಕಪತ್ರದಲ್ಲಿ ಆದ ತಪ್ಪಿಗೂ ಸುದ್ದಿಯಲ್ಲಿ ಆದ ತಪ್ಪಿಗೂ ಉತ್ತರಿಸಬೇಕಾದವರು ಒಬ್ಬರೇ.

ಬಿಬಿಸಿಯ ಆದಾಯದ ಬಹುಪಾಲು ಬರುವುದು ಪರವಾನಗಿ ಶುಲ್ಕದಿಂದ. ಮನೆಯಲ್ಲಿ ಟಿವಿ ನೋಡುವ ಪ್ರತಿಯೊಂದು ಕುಟುಂಬವೂ, ಬಿಬಿಸಿಯನ್ನೇ ನೋಡಲಿ ಬೇರೆಯದನ್ನೇ ನೋಡಲಿ, ವರ್ಷಕ್ಕೊಮ್ಮೆ ಕಟ್ಟಬೇಕಾದ ಈ ಮೊತ್ತ ಥಾಂಪ್ಸನ್ ಅಧಿಕಾರ ವಹಿಸಿಕೊಂಡಾಗ 121 ಪೌಂಡ್ ಇತ್ತು. ಭಾರತದಲ್ಲಿಯೂ ರೇಡಿಯೊಗೆ, ಟಿವಿಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಾದ ಕಾಲವೊಂದಿತ್ತು ಎಂಬುದು ಹಿರಿಯ ಓದುಗರಿಗೆ ನೆನಪಿದ್ದೀತು. 1980ರ ದಶಕದಲ್ಲಿ ಇಲ್ಲಿ ರದ್ದಾದ ಆ ಪದ್ಧತಿ ಬ್ರಿಟನ್ನಿನಲ್ಲಿ ಮುಂದುವರಿದಿದೆ. ಜಾಹೀರಾತುದಾರರ ಮರ್ಜಿಗೆ ಬೀಳದಂತೆ ಕಾಯುವುದು ಈ ಶುಲ್ಕದ ಗುಣ, ಅದರ ದರವನ್ನು ಸರ್ಕಾರವೇ ನಿಗದಿಪಡಿಸುವುದು ಅದರ ದೋಷ. 2007ರ ಜನವರಿಯಲ್ಲಿ ಸರ್ಕಾರ ಪ್ರಕಟಿಸಿದ ಹೊಸ ದರ ಬಿಬಿಸಿ ಕೇಳಿದ್ದಕ್ಕಿಂತ ತೀರ ಕಡಿಮೆ ಇದ್ದಿತು. ಅದಕ್ಕೂ ಮೊದಲೇ, 2005ರ ಮಾರ್ಚ್ ವೇಳೆಗೆ, 3,780 ಹುದ್ದೆಗಳನ್ನು ಕಡಿತಗೊಳಿಸುವ ಯೋಜನೆಯನ್ನು ಥಾಂಪ್ಸನ್ ಹೊರಗೆಡವಿದ್ದರು. ನೌಕರರು ಮುಷ್ಕರ ಹೂಡಿದರು. ಹಳೆಯದರಲ್ಲಿ ಉಳಿಸಿದ ಹಣವನ್ನು ಡಿಜಿಟಲ್ ಕೆಲಸಕ್ಕೆ ಹಾಕಬೇಕೆಂಬ ಅವರ ವಾದ ಅರ್ಥಪೂರ್ಣವಾದುದೇ ಆದರೂ, ಆ ಉಳಿತಾಯ ಎಂದರೆ ಸಾವಿರಾರು ಕುಟುಂಬಗಳ ಅನ್ನವಾಗಿತ್ತು ಎಂಬುದನ್ನು ಮರೆತು ಆ ವರ್ಷಗಳ ಸಾಧನೆಯನ್ನು ಹೊಗಳುವುದು ಸರಿಯಲ್ಲ.

ಆ ಸಾಧನೆಗಳಲ್ಲಿ ಎದ್ದು ಕಾಣುವುದು ಐಪ್ಲೇಯರ್. ಪ್ರಸಾರವಾದ ಕಾರ್ಯಕ್ರಮವನ್ನು ಆರಂಭದಲ್ಲಿ ಮುಂದಿನ ಏಳು ದಿನಗಳೊಳಗೆ ಬೇಕಾದಾಗ ಅಂತರ್ಜಾಲದಲ್ಲಿ ನೋಡಲು ಬಿಡುತ್ತಿದ್ದ ಈ ಸೇವೆಯ ಕಲ್ಪನೆ ಥಾಂಪ್ಸನ್ ಬರುವ ಮೊದಲೇ ಬಿಬಿಸಿಯ ಒಳಗೆ ಹುಟ್ಟಿ ವರ್ಷಗಳ ಕಾಲ ಸಮಿತಿಗಳ ನಡುವೆ ಅಲೆದಿತ್ತು. 2007ರ ಜುಲೈನಲ್ಲಿ ಹೊರಬಂದ ಪ್ರಾಯೋಗಿಕ ರೂಪದಲ್ಲಿ ನೋಡುಗರು ಕಾರ್ಯಕ್ರಮವನ್ನು ಮೊದಲು ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಿತ್ತು. ಅದಕ್ಕೆಂದೇ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಿತ್ತು, ಅದು ವಿಂಡೋಸ್ ಇರುವ ಯಂತ್ರಗಳಲ್ಲಿ ಮಾತ್ರ ನಡೆಯುತ್ತಿತ್ತು. ಅದೇ ವರ್ಷದ ಕ್ರಿಸ್‌ಮಸ್ ದಿನ ಸೇವೆ ಪೂರ್ಣ ಪ್ರಮಾಣದಲ್ಲಿ ಆರಂಭವಾಗುವ ಹೊತ್ತಿಗೆ, ಇಳಿಸಿಕೊಳ್ಳದೆಯೇ ಒತ್ತಿದ ಕೂಡಲೇ ನೋಡಬಹುದಾದ ವ್ಯವಸ್ಥೆ, ಅಂದರೆ ಈಗ ಎಲ್ಲರೂ ಸ್ಟ್ರೀಮಿಂಗ್ ಎನ್ನುವುದು, ಅದಕ್ಕೆ ಸೇರಿಕೊಂಡಿತ್ತು. ಜನ ಆ ಸೇವೆಯನ್ನು ಒಪ್ಪಿಕೊಂಡದ್ದು ಈ ಒಂದು ಬದಲಾವಣೆಯಿಂದ. ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ ಸ್ಟ್ರೀಮಿಂಗ್ ಆರಂಭಿಸಿದ್ದೂ ಅದೇ 2007ರಲ್ಲಿ. ಬ್ರಿಟನ್ನಿಗೆ ಅದು ಕಾಲಿಟ್ಟದ್ದು 2012ರ ಜನವರಿಯಲ್ಲಿ. ಸಾರ್ವಜನಿಕ ಹಣದಿಂದ ನಡೆಯುವ, ನಿಧಾನಕ್ಕೆ ಹೆಸರಾದ ಸಂಸ್ಥೆಯೊಂದು ಜಗತ್ತಿನ ಅತಿ ಚುರುಕಿನ ಕಂಪನಿಗಿಂತ ನಾಲ್ಕು ವರ್ಷ ಮೊದಲು ತನ್ನ ನೋಡುಗರಿಗೆ ಆ ರುಚಿ ಹತ್ತಿಸಿದ್ದು ಸಣ್ಣ ಮಾತಲ್ಲ.

ಈ ಮುನ್ನಡೆಯನ್ನು ಬ್ರಿಟನ್ ಉಳಿಸಿಕೊಳ್ಳಲಿಲ್ಲ ಎಂಬುದೂ ಇಲ್ಲಿ ಹೇಳಬೇಕಾದ ಸಂಗತಿ. ಬಿಬಿಸಿಯ ವಾಣಿಜ್ಯ ಅಂಗ, ಐಟಿವಿ ಮತ್ತು ಚಾನೆಲ್ 4 ಒಟ್ಟು ಸೇರಿ ತಮ್ಮೆಲ್ಲರ ಕಾರ್ಯಕ್ರಮಗಳನ್ನು ಒಂದೇ ಕಡೆ ಒದಗಿಸಲು ರೂಪಿಸಿದ್ದ ಕಾಂಗರೂ ಎಂಬ ಯೋಜನೆಗೆ 2009ರ ಫೆಬ್ರುವರಿಯಲ್ಲಿ ಅಲ್ಲಿನ ಸ್ಪರ್ಧಾ ಆಯೋಗ ತಡೆ ಹಾಕಿತು. ಮೂರು ದೊಡ್ಡ ಪ್ರಸಾರಕರು ಕೂಡಿದರೆ ಸ್ಪರ್ಧೆ ಸಾಯುತ್ತದೆ ಎಂಬ ಭಯ ಆಗ ನ್ಯಾಯವಾಗಿಯೇ ಕಂಡಿರಬಹುದು. ಆದರೆ ನಿಜವಾದ ಸ್ಪರ್ಧಿ ಸಮುದ್ರದಾಚೆ ಬೆಳೆಯುತ್ತಿದ್ದುದನ್ನು ಆಯೋಗ ಗಣನೆಗೆ ತೆಗೆದುಕೊಳ್ಳಲಿಲ್ಲ. ಬಿಬಿಸಿ ಮತ್ತು ಐಟಿವಿ ಸೇರಿ ಬ್ರಿಟ್‌ಬಾಕ್ಸ್ ಎಂಬ ಹೆಸರಿನಲ್ಲಿ ಅಂತಹುದನ್ನೇ ಬ್ರಿಟನ್ನಿನಲ್ಲಿ ತೆರೆಯುವ ಹೊತ್ತಿಗೆ 2019 ಬಂದಿತ್ತು, ನೆಟ್‌ಫ್ಲಿಕ್ಸ್ ಮನೆಮನೆ ಹೊಕ್ಕಾಗಿತ್ತು.

ಪರವಾನಗಿ ಶುಲ್ಕದ ದೌರ್ಬಲ್ಯ ಬೆತ್ತಲಾದದ್ದು 2010ರ ಅಕ್ಟೋಬರ್‌ನಲ್ಲಿ. ಆರ್ಥಿಕ ಬಿಕ್ಕಟ್ಟಿನ ನಂತರ ಅಧಿಕಾರಕ್ಕೆ ಬಂದ ಸಮ್ಮಿಶ್ರ ಸರ್ಕಾರ ಎಲ್ಲ ಇಲಾಖೆಗಳ ಖರ್ಚನ್ನೂ ಕತ್ತರಿಸುತ್ತಿದ್ದಾಗ, ತಿಂಗಳುಗಟ್ಟಲೆ ನಡೆಯಬೇಕಿದ್ದ ಮಾತುಕತೆ ಕೆಲವೇ ದಿನಗಳಲ್ಲಿ ಮುಗಿದುಹೋಯಿತು. ಶುಲ್ಕವನ್ನು ಆರು ವರ್ಷಗಳ ಕಾಲ 145.50 ಪೌಂಡ್‌ಗೆ ನಿಲ್ಲಿಸಲು ಬಿಬಿಸಿ ಒಪ್ಪಿತು. ಅಷ್ಟೇ ಅಲ್ಲ, ಅದುವರೆಗೆ ವಿದೇಶಾಂಗ ಇಲಾಖೆ ಹಣ ಕೊಡುತ್ತಿದ್ದ ವರ್ಲ್ಡ್ ಸರ್ವಿಸ್‌ನ ಭಾರವನ್ನು 2014ರಿಂದ ತಾನೇ ಹೊರಲೂ ಒಪ್ಪಿತು. ಬೆಲೆಯೇರಿಕೆಯನ್ನು ಲೆಕ್ಕ ಹಿಡಿದರೆ ಇದು ಆದಾಯದಲ್ಲಿ ಶೇಕಡ 16ರಷ್ಟು ಇಳಿತವಾಗಿತ್ತು. ಇದರ ಜೊತೆಜೊತೆಗೇ ಬಂದ ಸರ್ಕಾರಿ ಅನುದಾನದ ಕಡಿತದ ಬಿಸಿ ಭಾರತಕ್ಕೂ ತಟ್ಟಿತು: 2011ರ ಜನವರಿಯಲ್ಲಿ ವರ್ಲ್ಡ್ ಸರ್ವಿಸ್ ಐದು ಭಾಷಾ ಸೇವೆಗಳನ್ನು ಮುಚ್ಚಿ, ಹಿಂದಿಯ ಶಾರ್ಟ್‌ವೇವ್ ರೇಡಿಯೊ ಪ್ರಸಾರವನ್ನೂ ನಿಲ್ಲಿಸುವುದಾಗಿ ಪ್ರಕಟಿಸಿತು. ವಿದ್ಯುತ್ತೂ ಪತ್ರಿಕೆಯೂ ಸರಿಯಾಗಿ ತಲುಪದ ಉತ್ತರ ಭಾರತದ ಹಳ್ಳಿಗಳಲ್ಲಿ ಆ ಪ್ರಸಾರವನ್ನೇ ನಂಬಿದ್ದ ಕೇಳುಗರಿದ್ದರು. ವ್ಯಾಪಕ ವಿರೋಧದ ನಂತರ ಅದನ್ನು ಕುಗ್ಗಿದ ರೂಪದಲ್ಲಿ ಉಳಿಸಿಕೊಳ್ಳಲಾಯಿತು, ಕೊನೆಗೆ 2020ರಲ್ಲಿ ನಿಲ್ಲಿಸಲಾಯಿತು. ಲಂಡನ್ನಿನ ಕೋಣೆಯೊಂದರಲ್ಲಿ ಆದ ಲೆಕ್ಕಾಚಾರ ಬಿಹಾರದ ರೇಡಿಯೊ ಪೆಟ್ಟಿಗೆಯನ್ನು ಮುಟ್ಟುವ ಪರಿ ಇದು.

ಈ ಅಧ್ಯಾಯಕ್ಕೆ ಕಪ್ಪು ಪುಟಗಳೂ ಇವೆ. ವಿಡಿಯೊ ಟೇಪ್‌ಗಳನ್ನು ಕೈಬಿಟ್ಟು ಎಲ್ಲ ನಿರ್ಮಾಣವನ್ನೂ ಕಂಪ್ಯೂಟರಿಗೆ ತರಲು ಕೈಗೊಂಡ ಡಿಜಿಟಲ್ ಮೀಡಿಯಾ ಇನಿಶಿಯೇಟಿವ್ ಎಂಬ ಯೋಜನೆ ಸುಮಾರು 10 ಕೋಟಿ ಪೌಂಡ್ ನುಂಗಿ 2013ರಲ್ಲಿ ರದ್ದಾಯಿತು. ಈ ವ್ಯವಸ್ಥೆ ಆಗಲೇ ಬಳಕೆಯಲ್ಲಿದೆ ಎಂದು 2011ರಲ್ಲಿ ಸಂಸದೀಯ ಸಮಿತಿಗೆ ಕೊಟ್ಟಿದ್ದ ಭರವಸೆಯ ಬಗ್ಗೆ ಥಾಂಪ್ಸನ್ ಮತ್ತೆ ಅದೇ ಸಮಿತಿಯ ಮುಂದೆ ಉತ್ತರ ಹೇಳಬೇಕಾಯಿತು. ವರ್ಷಕ್ಕೆ 8 ಲಕ್ಷ ಪೌಂಡ್ ಮೀರಿದ್ದ ಅವರ ಸಂಬಳವೂ ಸಾರ್ವಜನಿಕ ಸಂಸ್ಥೆಗೆ ಒಪ್ಪದು ಎಂಬ ಟೀಕೆಗೆ ಗುರಿಯಾಗಿತ್ತು. ಎಲ್ಲಕ್ಕಿಂತ ಗಂಭೀರವಾದುದು ಜಿಮ್ಮಿ ಸ್ಯಾವಿಲ್ ಪ್ರಕರಣ. ದಶಕಗಳ ಕಾಲ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ ಬಿಬಿಸಿಯ ಈ ನಿರೂಪಕ 2011ರ ಅಕ್ಟೋಬರ್‌ನಲ್ಲಿ ಸತ್ತ ಮೇಲೆ ನ್ಯೂಸ್‌ನೈಟ್ ಕೈಗೊಂಡಿದ್ದ ತನಿಖೆಯನ್ನು ಡಿಸೆಂಬರ್‌ನಲ್ಲಿ ಕೈಬಿಡಲಾಗಿತ್ತು, ಸತ್ಯವನ್ನು ಹೊರಗೆಡವಿದ್ದು ಐಟಿವಿ. ಆರೋಪಗಳ ಸ್ವರೂಪ ತಮಗೆ ತಿಳಿದಿರಲಿಲ್ಲ ಎಂದು ಥಾಂಪ್ಸನ್ ಹೇಳಿದರು. ಈ ಕುರಿತು ನಡೆದ ಪೊಲಾರ್ಡ್ ವಿಚಾರಣೆಯ ವರದಿ ಆ ಮಾತನ್ನು ಶಂಕಿಸಲು ಕಾರಣವಿಲ್ಲ ಎಂದಿತು. ಆದರೂ ಪ್ರಧಾನ ಸಂಪಾದಕರಾದವರಿಗೆ ಅಂತಹ ಸಂಗತಿ ತಿಳಿಯದೆ ಉಳಿಯುವಷ್ಟು ಎತ್ತರಕ್ಕೆ, ಅಷ್ಟು ಪದರಗಳ ಆಚೆಗೆ ಸಂಸ್ಥೆಯ ಶಿಖರ ಏರಿ ನಿಂತಿತ್ತು ಎಂಬುದೇ ಒಂದು ದೋಷಾರೋಪ. ಅವರ ಉತ್ತರಾಧಿಕಾರಿ ಜಾರ್ಜ್ ಎಂಟ್‌ವಿಸಲ್ ಈ ಬಿರುಗಾಳಿಗೆ ಸಿಕ್ಕಿ 54 ದಿನಗಳಲ್ಲೇ ರಾಜೀನಾಮೆ ಕೊಟ್ಟರು.

2012ರ ನವೆಂಬರ್ 12ರಂದು ಥಾಂಪ್ಸನ್ ನ್ಯೂಯಾರ್ಕ್ ಟೈಮ್ಸ್ ಕಂಪನಿಯ ಮುಖ್ಯ ಕಾರ್ಯನಿರ್ವಾಹಕರಾದಾಗ, ಟಿವಿಯವರಿಗೆ ಪತ್ರಿಕೆ ನಡೆಸಲು ಬಂದೀತೇ ಎಂಬ ಅನುಮಾನ ಹಲವರಲ್ಲಿತ್ತು. ಆ ಪತ್ರಿಕೆಯ ಸ್ಥಿತಿಯೂ ಭದ್ರವಾಗಿರಲಿಲ್ಲ. 2009ರಲ್ಲಿ ಕಂಪನಿ ಮೆಕ್ಸಿಕೊದ ಉದ್ಯಮಿ ಕಾರ್ಲೋಸ್ ಸ್ಲಿಮ್ ಅವರಿಂದ 25 ಕೋಟಿ ಡಾಲರ್ ಸಾಲವನ್ನು ಶೇಕಡ 14ರಷ್ಟು ದುಬಾರಿ ಬಡ್ಡಿಗೆ ಪಡೆದಿತ್ತು. ಮ್ಯಾನ್‌ಹಟನ್ನಿನ ತನ್ನ ಹೊಸ ಕಟ್ಟಡದ ಹಲವು ಮಹಡಿಗಳನ್ನು ಮಾರಿ, ಅವನ್ನೇ ಬಾಡಿಗೆಗೆ ಹಿಡಿದು ದಿನ ದೂಡುತ್ತಿತ್ತು. ಪತ್ರಿಕೆಯ ಮುಖಬೆಲೆ ಅದನ್ನು ತಯಾರಿಸುವ ಖರ್ಚಿಗೂ ಸಾಲದೆ ಉಳಿದದ್ದನ್ನು ಜಾಹೀರಾತು ತುಂಬಿಕೊಡುವ ವ್ಯವಸ್ಥೆ ಕನ್ನಡ ಪತ್ರಿಕೆಗಳ ಓದುಗರಿಗೂ ಪರಿಚಿತವಾದುದೇ. ಆ ಜಾಹೀರಾತು ಗೂಗಲ್, ಫೇಸ್‌ಬುಕ್‌ಗಳ ಪಾಲಾಗತೊಡಗಿದಾಗ ಅಮೆರಿಕದಲ್ಲಿ ಪತ್ರಿಕೆಗಳು ಸಾಲುಸಾಲಾಗಿ ಮುಚ್ಚತೊಡಗಿದ್ದವು.

ಟೈಮ್ಸ್ ಆಯ್ದುಕೊಂಡಿದ್ದ ಪರಿಹಾರ ಪೇವಾಲ್. ಅಂತರ್ಜಾಲದಲ್ಲಿ ತಿಂಗಳಿಗೆ ಇಂತಿಷ್ಟು ಲೇಖನಗಳನ್ನು ಪುಕ್ಕಟೆ ಓದಬಹುದು, ಅದನ್ನು ಮೀರಿದರೆ ಚಂದಾ ಕಟ್ಟಬೇಕು ಎಂಬುದು ಇದರ ಸರಳ ತತ್ತ್ವ. 2011ರ ಮಾರ್ಚ್‌ನಲ್ಲಿ ಆರಂಭವಾದಾಗ ಈ ಮಿತಿ 20 ಲೇಖನಗಳಷ್ಟಿತ್ತು, ಮರುವರ್ಷ 10ಕ್ಕೆ, 2017ರ ಕೊನೆಗೆ 5ಕ್ಕೆ ಇಳಿಯಿತು. ಪೂರ್ತಿ ಬಾಗಿಲು ಹಾಕಿದರೆ ಹೊಸ ಓದುಗರು ಬರುವುದಿಲ್ಲ, ಪೂರ್ತಿ ತೆರೆದರೆ ಯಾರೂ ಹಣ ಕೊಡುವುದಿಲ್ಲ. ಓದುವ ಅಭ್ಯಾಸ ಬಲಿತ ಗಳಿಗೆಯನ್ನು ಗುರುತಿಸಿ ಅಲ್ಲಿ ತಡೆಯುವುದರಲ್ಲೇ ಇದರ ಜಾಣತನವಿದೆ. ಈ ನಿರ್ಧಾರ ಥಾಂಪ್ಸನ್ ಬರುವ ಮೊದಲೇ ಆಗಿತ್ತು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಯಶಸ್ಸಿನ ಕಥೆಗಳಲ್ಲಿ ಹಿಂದಿನವರ ಕೆಲಸ ಮುಂದಿನವರ ಖಾತೆಗೆ ಜಮೆಯಾಗಿಬಿಡುತ್ತದೆ. ಅವರು ಬರುವ ಹೊತ್ತಿಗೆ ಸುಮಾರು 6 ಲಕ್ಷ ಡಿಜಿಟಲ್ ಚಂದಾದಾರರಿದ್ದರು. ಆ ಸಂಖ್ಯೆ ಅಲ್ಲಿಗೇ ನಿಂತುಬಿಡುತ್ತದೆ ಎಂದು ನಂಬಿದವರು ಆಗ ಬಹಳ ಮಂದಿ.

ಥಾಂಪ್ಸನ್ ಅವರದೆಂದು ಹೇಳಬಹುದಾದ ಕೊಡುಗೆ ಇಲ್ಲಿಂದ ಮುಂದಿನದು. ಮೊದಲಿಗೆ ಅವರು ಕಂಪನಿಯ ಗಮನವನ್ನು ಒಂದೇ ಕಡೆ ನಿಲ್ಲಿಸಿದರು. 1993ರಲ್ಲಿ 110 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ ಬಾಸ್ಟನ್ ಗ್ಲೋಬ್ ಪತ್ರಿಕೆಯನ್ನು 2013ರಲ್ಲಿ ಕೇವಲ 7 ಕೋಟಿಗೆ ಮಾರಲಾಯಿತು. ಈ ಎರಡು ಅಂಕಿಗಳ ನಡುವಿನ ಅಂತರವೇ ಅಮೆರಿಕದ ಪತ್ರಿಕೋದ್ಯಮದ ಇಪ್ಪತ್ತು ವರ್ಷಗಳ ಕಥೆಯನ್ನು ಹೇಳುತ್ತದೆ. ಪ್ಯಾರಿಸ್‌ನಿಂದ ಬರುತ್ತಿದ್ದ ಇಂಟರ್‌ನ್ಯಾಷನಲ್ ಹೆರಾಲ್ಡ್ ಟ್ರಿಬ್ಯೂನ್ ಅದೇ ವರ್ಷ ಟೈಮ್ಸ್ ಎಂಬ ಹೆಸರನ್ನೇ ತೊಟ್ಟುಕೊಂಡಿತು. ಎರಡನೆಯದಾಗಿ, 2014ರಲ್ಲಿ ಮಾಲೀಕ ಕುಟುಂಬದ ಯುವ ಪತ್ರಕರ್ತ ಎ. ಜಿ. ಸಲ್ಜ್‌ಬರ್ಗರ್ ನೇತೃತ್ವದ ತಂಡ ಸಿದ್ಧಪಡಿಸಿದ ಆಂತರಿಕ ವರದಿ, ಪತ್ರಿಕೆ ಇನ್ನೂ ಅಚ್ಚಿನ ಮುಖಪುಟದ ಸುತ್ತಲೇ ಗಿರಕಿ ಹೊಡೆಯುತ್ತಿದೆ ಎಂದು ನಿಷ್ಠುರವಾಗಿ ಹೇಳಿ ಸೋರಿಕೆಯೂ ಆದಾಗ, ಅದನ್ನು ಅವಮಾನವೆಂದು ಮುಚ್ಚಿಡದೆ ಕಾರ್ಯಸೂಚಿಯಾಗಿ ಬಳಸಿಕೊಳ್ಳಲಾಯಿತು. 2015ರಲ್ಲಿ ಸಂಪಾದಕ ಡೀನ್ ಬೇಕೆ ದಿನದ ಮುಖ್ಯ ಸಭೆಯ ಸ್ವರೂಪವನ್ನೇ ಬದಲಿಸಿದರು: ತಮ್ಮ ಸುದ್ದಿ ಮರುದಿನದ ಮುಖಪುಟಕ್ಕೆ ಬರಲಿ ಎಂದು ವಿಭಾಗಗಳ ಮುಖ್ಯಸ್ಥರು ವಾದಿಸುತ್ತಿದ್ದ ಸಭೆ, ಆ ಹೊತ್ತಿನಲ್ಲಿ ಫೋನಿನ ಪರದೆಯ ಮೇಲೆ ಏನಿರಬೇಕು ಎಂದು ಚರ್ಚಿಸುವ ಸಭೆಯಾಯಿತು.

ಅದೇ ವರ್ಷದ ಜೂನ್‌ನಲ್ಲಿ ನಡೆದ ಒಂದು ಸಣ್ಣ ಪ್ರಯೋಗ ಈ ಬದಲಾವಣೆಯ ಒಳಮನೆಯನ್ನು ತೋರಿಸುತ್ತದೆ. ಓದುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊಬೈಲಿನಲ್ಲೇ ಟೈಮ್ಸ್ ಓದುತ್ತಿದ್ದರೂ, ಅದನ್ನು ತಯಾರಿಸುವವರು ಮಾತ್ರ ದೊಡ್ಡ ಪರದೆಯ ಕಂಪ್ಯೂಟರುಗಳ ಮುಂದೆ ಕುಳಿತು ಅಲ್ಲಿ ಚೆನ್ನಾಗಿ ಕಂಡದ್ದೇ ಎಲ್ಲೆಡೆ ಚೆನ್ನ ಎಂದು ಭಾವಿಸುತ್ತಿದ್ದರು. ಇದನ್ನು ತಿದ್ದಲು ಪ್ರಕಾಶಕರು, ಥಾಂಪ್ಸನ್, ಬೇಕೆ ಮೊದಲಾದವರು ಒಂದು ಸೂಚನೆ ಹೊರಡಿಸಿ, ಒಂದು ವಾರದ ಮಟ್ಟಿಗೆ ಕಚೇರಿಯ ಕಂಪ್ಯೂಟರುಗಳಲ್ಲಿ ಟೈಮ್ಸ್‌ನ ಮುಖಪುಟ ತೆರೆಯದಂತೆ ಮಾಡಿದರು. ತೆರೆಯಲು ಹೋದವರಿಗೆ ಫೋನಿನಲ್ಲೋ ಟ್ಯಾಬ್ಲೆಟ್‌ನಲ್ಲೋ ನೋಡಿ ಎಂಬ ಸಂದೇಶ ಕಾಣುತ್ತಿತ್ತು. ಓದುಗರ ಕಣ್ಣಿನಲ್ಲಿ ತಮ್ಮ ಕೆಲಸವನ್ನು ನೋಡುವಂತೆ ನೂರಾರು ಪತ್ರಕರ್ತರಿಗೆ ಭಾಷಣ ಮಾಡುವ ಬದಲು ಅವರ ಅಭ್ಯಾಸವನ್ನೇ ಕೆಲ ದಿನ ಮುರಿದದ್ದು ಉತ್ತಮ ಆಡಳಿತದ ಲಕ್ಷಣ.

ಪ್ರಯೋಗಗಳೆಲ್ಲವೂ ಗೆಲ್ಲಲಿಲ್ಲ. ಕಡಿಮೆ ಬೆಲೆಗೆ ಆಯ್ದ ಸುದ್ದಿಗಳನ್ನು ಕೊಡಲು 2014ರಲ್ಲಿ ತಂದ ಎನ್‌ವೈಟಿ ನೌ ಎಂಬ ಆ್ಯಪ್ ಎರಡು ವರ್ಷಗಳಲ್ಲಿ ಮುಚ್ಚಿತು. ಅಭಿಪ್ರಾಯ ಲೇಖನಗಳಿಗೆಂದೇ ತಂದ ಆ್ಯಪ್ 2014ರಲ್ಲೇ ಕಣ್ಮುಚ್ಚಿತು. 2015ರಲ್ಲಿ ರಟ್ಟಿನ ಕನ್ನಡಕಗಳನ್ನು ಹತ್ತು ಲಕ್ಷಕ್ಕೂ ಹೆಚ್ಚು ಚಂದಾದಾರರಿಗೆ ಹಂಚಿ ಆರಂಭಿಸಿದ ವರ್ಚುವಲ್ ರಿಯಾಲಿಟಿ ವರದಿಗಳೂ ಹೆಚ್ಚು ದೂರ ಸಾಗಲಿಲ್ಲ. ಇನ್ನೊಂದೆಡೆ ಪದಬಂಧ ಮತ್ತು ಅಡುಗೆಯ ಪ್ರತ್ಯೇಕ ಚಂದಾಗಳು ಬೆಳೆದವು, ವಸ್ತುಗಳ ಗುಣಮಟ್ಟ ಪರೀಕ್ಷಿಸುವ ವೈರ್‌ಕಟರ್ ತಾಣವನ್ನು 2016ರಲ್ಲಿ ಕೊಂಡದ್ದು ಫಲ ಕೊಟ್ಟಿತು, 2017ರ ಫೆಬ್ರುವರಿಯಲ್ಲಿ ಆರಂಭವಾದ ದಿ ಡೈಲಿ ಎಂಬ ಪಾಡ್‌ಕಾಸ್ಟ್ ಪತ್ರಿಕೆ ಓದದ ತರುಣರನ್ನೂ ಟೈಮ್ಸ್‌ನ ಬಳಿಗೆ ತಂದಿತು. ಬೆಳಗ್ಗೆ ಎದ್ದು ಪದಬಂಧ ಬಿಡಿಸಲು ಬಂದವರು ಯುದ್ಧದ ವರದಿಯ ಖರ್ಚಿಗೂ ಪಾಲು ಕೊಡುತ್ತಾರೆ ಎಂಬುದು ಹಳೆಯ ಪತ್ರಿಕೆಗಳಿಗೂ ಗೊತ್ತಿದ್ದ ಸತ್ಯ. ಅದನ್ನು ಡಿಜಿಟಲ್ ಕಾಲಕ್ಕೆ ಮರಳಿ ತಂದದ್ದು ಈ ಹೊಸತನಗಳ ಒಳಗುಟ್ಟು.

ಡೊನಾಲ್ಡ್ ಟ್ರಂಪ್ ಅವರ ಗೆಲುವು ಇದಕ್ಕೆ ಎಣಿಸದ ವೇಗ ಕೊಟ್ಟಿತು. ಅವರು ಟೈಮ್ಸ್ ಅನ್ನು ಸೋಲುತ್ತಿರುವ ಪತ್ರಿಕೆ ಎಂದು ಹೀಗಳೆದಷ್ಟೂ ಚಂದಾದಾರರು ಹೆಚ್ಚಿದರು. 2016ರ ಕೊನೆಯ ಮೂರು ತಿಂಗಳಲ್ಲೇ 2,76,000 ಡಿಜಿಟಲ್ ಚಂದಾಗಳು ಸೇರಿಕೊಂಡವು. 2015ರಲ್ಲಿ ಹಾಕಿಕೊಂಡಿದ್ದ, 2020ರೊಳಗೆ ಡಿಜಿಟಲ್ ಆದಾಯವನ್ನು ದುಪ್ಪಟ್ಟುಗೊಳಿಸಿ 80 ಕೋಟಿ ಡಾಲರಿಗೆ ಮುಟ್ಟಿಸುವ ಗುರಿ ಒಂದು ವರ್ಷ ಮೊದಲೇ ಕೈಗೂಡಿತು. ಸಾಲದ ಕಾಲದಲ್ಲಿ ಕೈಬಿಟ್ಟಿದ್ದ ಮಹಡಿಗಳನ್ನು ಕಂಪನಿ 2019ರಲ್ಲಿ ಮರಳಿ ಕೊಂಡಿತು. 2020ರ ಎರಡನೆಯ ತ್ರೈಮಾಸಿಕದಲ್ಲಿ ಡಿಜಿಟಲ್ ಆದಾಯ ಮೊದಲ ಬಾರಿಗೆ ಅಚ್ಚಿನ ಆದಾಯವನ್ನು ಮೀರಿತು, ಸೆಪ್ಟೆಂಬರ್‌ನಲ್ಲಿ ಥಾಂಪ್ಸನ್ ನಿರ್ಗಮಿಸುವ ವೇಳೆಗೆ ಒಟ್ಟು ಚಂದಾಗಳು 65 ಲಕ್ಷ, ಅದರಲ್ಲಿ ಡಿಜಿಟಲ್ 57 ಲಕ್ಷ. ಅವರು ಬಂದಾಗ 10 ಡಾಲರ್‌ಗೂ ಕೆಳಗಿದ್ದ ಷೇರು 40 ಡಾಲರ್ ದಾಟಿತ್ತು. ಈ ಅವಧಿಯಲ್ಲಿ ಪ್ರತ್ಯೇಕ ಕಾಪಿ ಡೆಸ್ಕನ್ನು, ಅಂದರೆ ಪ್ರಕಟಣೆಗೆ ಮೊದಲು ಭಾಷೆಯನ್ನೂ ಸಂಗತಿಗಳನ್ನೂ ಸಾಲುಸಾಲಾಗಿ ತಿದ್ದುವ ಮೇಜನ್ನು, 2017ರಲ್ಲಿ ತೆಗೆದುಹಾಕಿದಾಗ ಸಿಬ್ಬಂದಿ ಕಚೇರಿಯಿಂದ ಹೊರನಡೆದು ಪ್ರತಿಭಟಿಸಿದರು. ಆದರೂ ಬರೆಯುವವರ ಸಂಖ್ಯೆ ಒಟ್ಟಾರೆ ಹೆಚ್ಚಿತೇ ಹೊರತು ಕುಗ್ಗಲಿಲ್ಲ, ಆ ದಶಕದ ಅಮೆರಿಕದಲ್ಲಿ ಇದು ಅಪರೂಪ. ಟೈಮ್ಸ್‌ನ ದಾರಿ ಎಲ್ಲ ಪತ್ರಿಕೆಗಳಿಗೂ ದಾರಿ ಎನ್ನುವಂತಿಲ್ಲ: ಇಂಗ್ಲಿಷ್ ಬಲ್ಲ ಇಡೀ ಜಗತ್ತೇ ಅದರ ಮಾರುಕಟ್ಟೆ, ಜಿಲ್ಲೆಯ ಪತ್ರಿಕೆಯೊಂದಕ್ಕೆ ಆ ಹರವು ಇಲ್ಲ.

ಟೈಮ್ಸ್ ಬಿಟ್ಟ ಮೂರು ವರ್ಷಗಳ ಬಳಿಕ, 2023ರ ಅಕ್ಟೋಬರ್‌ನಲ್ಲಿ, ಥಾಂಪ್ಸನ್ ಸಿಎನ್‌ಎನ್‌ನ ಅಧ್ಯಕ್ಷರೂ ಮುಖ್ಯ ಕಾರ್ಯನಿರ್ವಾಹಕರೂ ಆದರು. ಟೆಡ್ ಟರ್ನರ್ 1980ರ ಜೂನ್ 1ರಂದು ಅಟ್ಲಾಂಟಾದಲ್ಲಿ ಆರಂಭಿಸಿದ, ಇಪ್ಪತ್ನಾಲ್ಕು ಗಂಟೆಯೂ ಸುದ್ದಿಯನ್ನೇ ಕೊಡುವ ಈ ವಾಹಿನಿ 1991ರ ಕೊಲ್ಲಿ ಯುದ್ಧದಲ್ಲಿ ಬಾಗ್ದಾದಿನ ಹೋಟೆಲಿನಿಂದ ಬಾಂಬ್ ದಾಳಿಯನ್ನು ನೇರವಾಗಿ ವರದಿ ಮಾಡಿ ಜಗತ್ತಿನ ಮನೆಮಾತಾಯಿತು. ಭಾರತದ ನಗರಗಳಲ್ಲಿ ಡಿಶ್ ಆಂಟೆನಾಗಳು ಮೊದಲು ತಲೆಯೆತ್ತಿದ್ದೂ ಆ ದಿನಗಳಲ್ಲೇ, ಇಂದು ಕನ್ನಡದಲ್ಲಿ ಹಗಲಿರುಳು ಸುದ್ದಿ ಕೊಡುವ ವಾಹಿನಿಗಳ ವಂಶಾವಳಿ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಸಿಎನ್‌ಎನ್‌ನ ಆದಾಯಕ್ಕೆ ಎರಡು ಕವಲು, ಒಂದು ಜಾಹೀರಾತು, ಮತ್ತೊಂದು ಪ್ರತಿ ಚಂದಾದಾರರ ಲೆಕ್ಕದಲ್ಲಿ ಕೇಬಲ್ ಕಂಪನಿಗಳು ಕೊಡುವ ಪಾಲು. ಕೇಬಲ್ ಹಾಕಿಸಿಕೊಂಡವರು ಸಿಎನ್‌ಎನ್ ನೋಡದಿದ್ದರೂ ಅವರ ತಿಂಗಳ ಬಿಲ್ಲಿನ ಒಂದು ಭಾಗ ಅದಕ್ಕೆ ಸಲ್ಲುತ್ತಿದ್ದುದರಿಂದ ಇದು ಹೆಸರಿಲ್ಲದ ಪರವಾನಗಿ ಶುಲ್ಕದಂತೆಯೇ ಕೆಲಸ ಮಾಡುತ್ತಿತ್ತು. ಒಂದು ಕಾಲಕ್ಕೆ ಸುಮಾರು 10 ಕೋಟಿ ಅಮೆರಿಕನ್ ಮನೆಗಳಲ್ಲಿದ್ದ ವಾಹಿನಿ ಥಾಂಪ್ಸನ್ ಬರುವ ಹೊತ್ತಿಗೆ ಸುಮಾರು 7 ಕೋಟಿಗೆ ಇಳಿದಿತ್ತು.

ಅವರಿಗಿಂತ ಹಿಂದಿನವರ ಕಾಲದಲ್ಲಿ ಸಂಸ್ಥೆ ಗಾಯಗೊಂಡಿತ್ತು. ಭಾರಿ ಹಣ ಸುರಿದು 2022ರ ಮಾರ್ಚ್ 29ರಂದು ತೆರೆದ ಸಿಎನ್‌ಎನ್ ಪ್ಲಸ್ ಎಂಬ ಚಂದಾ ಸೇವೆಯನ್ನು, ವಾರ್ನರ್ ಬ್ರದರ್ಸ್ ಡಿಸ್ಕವರಿ ಎಂಬ ಹೊಸ ಮಾಲೀಕ ಕಂಪನಿ ಒಂದೇ ತಿಂಗಳಲ್ಲಿ ಮುಚ್ಚಿತು. ನಂತರ ಬಂದ ಮುಖ್ಯಸ್ಥ ಕ್ರಿಸ್ ಲಿಕ್ಟ್ ವರ್ಷವೊಂದು ಕಳೆದ ಸ್ವಲ್ಪದರಲ್ಲೇ ಹೊರಹೋದರು. ಥಾಂಪ್ಸನ್ 2024ರ ಜುಲೈನಲ್ಲಿ ಅಮೆರಿಕದ, ವಿದೇಶದ ಮತ್ತು ಡಿಜಿಟಲ್‌ನ ಪ್ರತ್ಯೇಕ ಸುದ್ದಿಮನೆಗಳನ್ನು ಒಂದಾಗಿಸಿ ಸುಮಾರು 100 ಹುದ್ದೆಗಳನ್ನು ತೆಗೆದರು, ಅಕ್ಟೋಬರ್‌ನಲ್ಲಿ ಜಾಲತಾಣಕ್ಕೆ ತಿಂಗಳಿಗೆ 3.99 ಡಾಲರಿನ ಪೇವಾಲ್ ಹಾಕಿದರು. 2025ರ ಜನವರಿಯಲ್ಲಿ ಮತ್ತೆ ಸುಮಾರು 200 ಹುದ್ದೆಗಳು ಹೋದವು, ಅದೇ ಹೊತ್ತಿಗೆ ಡಿಜಿಟಲ್ ಕೆಲಸಕ್ಕೆ 7 ಕೋಟಿ ಡಾಲರ್ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಬಲ್ ಇಲ್ಲದೆಯೂ ವಾಹಿನಿಯನ್ನು ನೋಡಬಹುದಾದ ಸ್ಟ್ರೀಮಿಂಗ್ ಚಂದಾ, ತಿಂಗಳಿಗೆ 6.99 ಡಾಲರಿನಂತೆ, ಆರಂಭವಾಯಿತು.

ನ್ಯೂಯಾರ್ಕಿನಲ್ಲಿ ಫಲಿಸಿದ್ದು ಅಟ್ಲಾಂಟಾದಲ್ಲಿಯೂ ಫಲಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಥಾಂಪ್ಸನ್ ಒಬ್ಬರ ಕೈಯಲ್ಲಿಲ್ಲ. ಲೇಖನ ಓದಲು ಹಣ ಕೊಡುವ ಅಭ್ಯಾಸ ಪತ್ರಿಕೆಯ ಓದುಗರಿಗೆ ತಲೆಮಾರುಗಳಿಂದ ಇದ್ದುದೇ. ಟಿವಿಯ ಸುದ್ದಿಗೆ ನೇರವಾಗಿ ಹಣ ಕೊಟ್ಟ ಅನುಭವ ಅಮೆರಿಕದ ನೋಡುಗರಿಗೆ ಇಲ್ಲ, ಕೊಟ್ಟಿದ್ದರೂ ಅದು ಬಿಲ್ಲಿನೊಳಗೆ ಕಾಣದಂತಿತ್ತು. ಅದಕ್ಕಿಂತ ದೊಡ್ಡ ವ್ಯತ್ಯಾಸ ಮಾಲೀಕತ್ವದ್ದು. 1896ರಲ್ಲಿ ಅಡಾಲ್ಫ್ ಆಕ್ಸ್ ಕೊಂಡ ಟೈಮ್ಸ್ ಇಂದಿಗೂ ಅದೇ ಕುಟುಂಬದ ಹಿಡಿತದಲ್ಲಿದೆ. ಷೇರು ಮಾರುಕಟ್ಟೆಯಲ್ಲಿ ಯಾರು ಎಷ್ಟೇ ಷೇರು ಕೊಂಡರೂ ನಿರ್ದೇಶಕ ಮಂಡಳಿಯ ಬಹುಮತವನ್ನು ಆರಿಸುವ ಹಕ್ಕು ವಿಶೇಷ ವರ್ಗದ ಷೇರುಗಳ ಮೂಲಕ ಕುಟುಂಬದ ಬಳಿಯೇ ಉಳಿದಿದೆ, ಆದ್ದರಿಂದಲೇ ಲಾಭ ಕಡಿಮೆಯಿದ್ದ ವರ್ಷಗಳಲ್ಲಿಯೂ ಎಂಟು ವರ್ಷ ಒಂದೇ ದಿಕ್ಕಿನಲ್ಲಿ ನಡೆಯಲು ಥಾಂಪ್ಸನ್ ಅವರಿಗೆ ಸಾಧ್ಯವಾಯಿತು. ಬಿಬಿಸಿಗೆ ಹತ್ತು ವರ್ಷಗಳ ರಾಜ ಸನ್ನದಿನ ರಕ್ಷಣೆಯಿತ್ತು. ಸಿಎನ್‌ಎನ್‌ಗೆ ಅಂತಹ ಯಾವುದೂ ಇಲ್ಲ. ಅವರು ಅಲ್ಲಿಗೆ ಹೋದಾಗ ಅದು ಹತ್ತಾರು ಶತಕೋಟಿ ಡಾಲರ್ ಸಾಲ ಹೊತ್ತ ಮನರಂಜನಾ ಕಂಪನಿಯೊಂದರ ಹಲವು ಅಂಗಗಳಲ್ಲಿ ಒಂದಾಗಿತ್ತು, ಅಂತಹ ಕಂಪನಿಯಲ್ಲಿ ಸುದ್ದಿಮನೆಯ ತಾಳ್ಮೆಯ ಅವಧಿಯನ್ನು ನಿರ್ಧರಿಸುವವರು ಸಾಲ ಕೊಟ್ಟವರು ಮತ್ತು ಷೇರುದಾರರು.